ಅಡಿಕೆ ಹಣಕ್ಕೆ ಮೊಬೈಲ್ ಪಾವತಿ: ವಹಿಸಬೇಕಾದ ಎಚ್ಚರಿಕೆ

ವರದಮೂಲದ ತೋಟಗಳಿಂದ ಹೊಸನಗರ, ತೀರ್ಥಹಳ್ಳಿಯವರೆಗೆ ಅಡಿಕೆ, ಕಾಳುಮೆಣಸಿನ ಹಣ ಈಗ ಮೊಬೈಲಿನ ಮೂಲಕವೂ ಖಾತೆ ಸೇರುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯನ್ನು ಬಳಸುವಾಗ ಈ ಕ್ರಮಗಳನ್ನು ಅನುಸರಿಸಿರಿ.

1. ಹಣ ಪಡೆಯಲು ಪಿನ್ ಬೇಕಿಲ್ಲ. "ಹಣ ಕಳಿಸುತ್ತೇನೆ, ಪಿನ್ ಒತ್ತಿ" ಎಂದವರನ್ನು ನಂಬಬೇಡಿರಿ; ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ.

2. ವ್ಯಾಪಾರಿ ತನ್ನ ಫೋನಿನಲ್ಲಿ ಸಂದೇಶ ತೋರಿಸಿದ ಮಾತ್ರಕ್ಕೆ ಮೂಟೆ ಬಿಡಬೇಡಿರಿ. ನಿಮ್ಮ ಖಾತೆಯ ಶಿಲ್ಕು ನೋಡಿದ ನಂತರವೇ ಮಾಲು ಕೊಡಿರಿ.

3. ಸಿಗ್ನಲ್ ಕಡಿದು ಪಾವತಿ ಅರ್ಧಕ್ಕೆ ನಿಂತರೆ ಕೂಡಲೇ ಮತ್ತೆ ಕಳಿಸಬೇಡಿರಿ. ಮೊದಲಿನದು ಏನಾಯಿತೆಂದು ನೋಡಿರಿ. ಇಲ್ಲವಾದರೆ ಎರಡು ಸಲ ಹಣ ಹೋದೀತು.

ಮೋಸವಾದರೆ ಸಂಕೋಚಪಡದೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.