ಮಾತು ಕೇಳಿಸಲಿ: ಭಾವಗೀತೆ ರೆಕಾರ್ಡ್ ಮಾಡುವವರಿಗೆ ಹನ್ನೊಂದು ಸೂತ್ರಗಳು

ಕೆ.ಎಸ್. ನಿಸಾರ್ ಅಹಮದರ ಕವಿತೆಗಳು 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದವು. ಕವನ ಸಂಕಲನ ಕೊಳ್ಳದವರ ಮನೆಗೂ ಕವಿತೆ ಹೊಕ್ಕಿತು. ಇವತ್ತು ಆ ಕೆಲಸಕ್ಕೆ ಒಂದು ಲ್ಯಾಪ್‌ಟಾಪ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಒಳ್ಳೆಯ ಮೈಕು ಸಾಕು. ಸಲಕರಣೆ ಸುಲಭವಾಗಿದೆ, ನಿಜ. ಆದರೆ ಈಗ ಬರುವ ಎಷ್ಟೋ ಹಾಡುಗಳಲ್ಲಿ ಕೊಳಲು ಕೇಳುತ್ತದೆ, ಕೀಬೋರ್ಡ್ ಕೇಳುತ್ತದೆ, ಕವಿತೆಯ ಮಾತೇ ಕೇಳುವುದಿಲ್ಲ. ಆ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

1. ರಾಗ ಹುಡುಕುವ ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿ.
ಒಂದು ಸಲವಲ್ಲ, ಹತ್ತು ಸಲ, ಬೆರಳೆಣಿಸಿಕೊಂಡು. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಎಂದು ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಮೂರು ಮಾತ್ರೆಯ ಗಣಗಳಲ್ಲಿ ನಡೆಯುವ ಕವಿತೆ ಆರು ಮಾತ್ರೆಯ ದಾದ್ರಾದಲ್ಲಿ ತಾನಾಗಿ ಕೂರುತ್ತದೆ. ನಾಲ್ಕರ ಗಣಕ್ಕೆ ಕೆಹರ್ವಾ, ಐದರ ಗಣಕ್ಕೆ ಝಪ್‌ತಾಲ ಅಥವಾ ಖಂಡಛಾಪು. ಭಾಮಿನಿ ಷಟ್ಪದಿಯಂಥ ಮೂರು-ನಾಲ್ಕರ ನಡೆಗೆ ಮಿಶ್ರಛಾಪು, ಇಲ್ಲವೇ ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕ. ಕವಿ ಆಗಲೇ ತಾಳ ಹಾಕಿಟ್ಟಿರುತ್ತಾರೆ, ನಾವು ಅದನ್ನು ಕೇಳಿಸಿಕೊಳ್ಳಬೇಕು ಅಷ್ಟೆ. ಹೊರಗಿನಿಂದ ತಾಳ ಹೇರಿದರೆ ಹ್ರಸ್ವ ದೀರ್ಘವಾಗುತ್ತದೆ, ದೀರ್ಘ ಮುದುಡುತ್ತದೆ. ಕನ್ನಡದಲ್ಲಿ ಅದು ಸಣ್ಣ ತಪ್ಪಲ್ಲ: ‘ಬಳೆ’ ಎಳೆದರೆ ‘ಬಾಳೆ’.

2. ಹಕ್ಕು ಯಾರದು ಎಂದು ಮೊದಲೇ ತಿಳಿದುಕೊಳ್ಳಿ.
ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. 2041ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ. ಆದರೆ ಶರೀಫರ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಧಾಟಿ ಅಶ್ವತ್ಥರದು. ಅದನ್ನೇ ಹಾಡುವುದಾದರೆ ಅದಕ್ಕೂ ಅನುಮತಿ ಕೇಳಬೇಕು.

3. ಶ್ರುತಿಯನ್ನು ಚರಣ ನೋಡಿ ಗೊತ್ತುಮಾಡಿ.
ಪಲ್ಲವಿ ಯಾವ ಶ್ರುತಿಯಲ್ಲೂ ಹಿತವಾಗಿಯೇ ಇರುತ್ತದೆ. ಪರೀಕ್ಷೆ ಇರುವುದು ಚರಣದ ತಾರಸ್ಥಾಯಿಯಲ್ಲಿ. ಒಮ್ಮೆ ಪಲ್ಲವಿಯನ್ನಷ್ಟೇ ಹಾಡಿಸಿ, ಸಿ ಶಾರ್ಪ್ ಸರಿ ಎಂದು ತಬಲಾ ಮುದ್ರಿಸಿಬಿಟ್ಟೆ. ಮರುದಿನ ಚರಣದಲ್ಲಿ ಗಾಯಕಿಯ ದನಿ ಬಿಗಿಯಿತು, ಒಂದು ಸ್ವರ ಇಳಿಸಬೇಕಾಯಿತು. ಕಂಪ್ಯೂಟರಿನಲ್ಲಿ ತಬಲಾ ಇಳಿಸಿದರೆ ಒದ್ದೆ ಹಾಸಿಗೆ ಬಡಿದ ಹಾಗೆ ಕೇಳಿತು. ತಬಲಾದವರನ್ನು ಮತ್ತೆ ಕರೆಸಿ ಇಡೀ ಹಾಡು ನುಡಿಸಿದ್ದಾಯಿತು. ಅಂದಿನಿಂದ ಅತಿ ಮೇಲಿನ ಸಾಲನ್ನು ಮೂರು ಸಲ ಹಾಡಿಸಿದ ಮೇಲೆಯೇ ಶ್ರುತಿ ಬರೆದಿಟ್ಟುಕೊಳ್ಳುತ್ತೇನೆ.

4. ಮೊದಲು ಟ್ರ್ಯಾಕ್, ಅಂದರೆ ಕಚ್ಚಾ ಮಾದರಿ, ಹಾಡಿ.
ತಂಬೂರಿ, ಲಯ ಕಾಯಲು ಕ್ಲಿಕ್, ಒಂದು ಹಾರ್ಮೋನಿಯಂ, ಒಂದು ದನಿ. ಇಷ್ಟರಲ್ಲೇ ಹಾಡು ನಿಲ್ಲಬೇಕು. ಆಲಾಪಕ್ಕೆ ಕ್ಲಿಕ್ ಬೇಡ, ಉಸಿರಿನ ಲೆಕ್ಕ ಸಾಕು.

5. ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ.
ಟಣ್ ಎಂದು ಮರುದನಿ ಬಂದರೆ ಆ ಗೋಡೆ ಹಾಡಿನಲ್ಲೂ ಕೂರುತ್ತದೆ. ದುಬಾರಿ ಫೋಮ್ ಬೇಕಿಲ್ಲ. ಗಾಯಕರ ಬೆನ್ನ ಹಿಂದೆ, ಎರಡು ಪಕ್ಕಕ್ಕೆ ದಪ್ಪನೆಯ ಕೌದಿ ಇಳಿಬಿಡಿ. ಫ್ಯಾನು, ಫ್ರಿಜ್ಜು ಎರಡೂ ಆರಲಿ.

6. ಬಾಯಿಗೂ ಮೈಕಿಗೂ ಒಂದು ಗೇಣು.
ಹತ್ತಿರ ಹೋದಷ್ಟೂ ಮಂದ್ರ ಉಬ್ಬಿ ಅಕ್ಷರ ಮಸುಕಾಗುತ್ತದೆ. ‘ಪ’, ‘ಭ’ಗಳ ಗಾಳಿಗೆ ಪಾಪ್ ಫಿಲ್ಟರ್ ಇಡಿ. ‘ಸ’, ‘ಶ’ ಕುಯ್ಯುವಂತಿದ್ದರೆ ಮೈಕನ್ನು ಬಾಯಿಯ ನೇರದಿಂದ ತುಸು ಓರೆಗೆ ಸರಿಸಿ.

7. ಮಟ್ಟ ತಗ್ಗಿಸಿಯೇ ಮುದ್ರಿಸಿ.
24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಂಡು, ಅತಿ ಜೋರಿನ ಸಾಲು ಮೈನಸ್ 10 ಡೆಸಿಬೆಲ್ ಆಸುಪಾಸು ಇರುವಂತೆ ನೋಡಿಕೊಳ್ಳಿ. ಮೆಲ್ಲಗಿದ್ದದ್ದನ್ನು ಏರಿಸಬಹುದು. ಒಡೆದ ದನಿಯನ್ನು ಯಾರೂ ಕೂಡಿಸಲಾರರು.

8. ತಬಲಾದವರನ್ನು ಅವಸರಪಡಿಸಬೇಡಿ.
ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಅವರು ಸುತ್ತಿಗೆ ಹಿಡಿದು ಕಟ್ಟಿಗೆಯ ಗಟ್ಟಾಗಳನ್ನು ಒಂದೊಂದೇ ತಟ್ಟುತ್ತಾರೆ, ಬೆರಳಿನಿಂದ ‘ನಾ’ ನುಡಿಸಿ ತಲೆ ವಾಲಿಸಿ ಕೇಳುತ್ತಾರೆ, ಎದುರಿನ ಗಟ್ಟಾ ತಟ್ಟುತ್ತಾರೆ. ಸುತ್ತಲೂ ಒಂದೇ ಸ್ವರ ಬರುವವರೆಗೆ ಇದು ನಡೆಯಲೇಬೇಕು. ಆ ಹತ್ತು ನಿಮಿಷ ತಂಬೂರಿಯೊಂದು ಬಿಟ್ಟು ಕೋಣೆಯಲ್ಲಿ ಬೇರೆ ಸದ್ದಿರಬಾರದು. ಪ್ರತಿ ಟೇಕ್ ಆದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಲು ಬಿಡಿ.

9. ಪೂರ್ತಿ ಹಾಡನ್ನು ಮೂರು ಸಲ ಹಾಡಿಸಿ, ಆಮೇಲೆ ಪಂಚ್ (ತಪ್ಪಿದ ತುಣುಕನ್ನಷ್ಟೇ ಮತ್ತೆ ಮುದ್ರಿಸುವುದು).
ಸಾಲು ಸಾಲಾಗಿ ಕತ್ತರಿಸಿ ಹಾಡಿದರೆ ಸ್ವರ ಸರಿಯಿರುತ್ತದೆ, ಭಾವ ಸಾಲಿನ ಕೊನೆಗೇ ನಿಂತುಬಿಡುತ್ತದೆ. ಸ್ವರ ತಿದ್ದುವ ಸಾಫ್ಟ್‌ವೇರನ್ನು ಇಡೀ ಹಾಡಿಗೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಗಮಕವೂ ಮೀಂಡೂ ಅದರ ಲೆಕ್ಕದಲ್ಲಿ ತಪ್ಪುಗಳೇ. ಬೇಕಾದ ಒಂದು ಸ್ವರವನ್ನು ಕೈಯಿಂದ ತಿದ್ದಿ. ‘ಳ’ ‘ಲ’ ಆಗಿದ್ದರೆ, ‘ಹ’ ಉದುರಿದ್ದರೆ ಮಾತ್ರ ಯಾವ ಮುಲಾಜೂ ಇಲ್ಲದೆ ಮತ್ತೆ ಹಾಡಿಸಿ.

10. ಮಿಕ್ಸಿಂಗ್‌ನಲ್ಲಿ ದನಿ ಏರಿಸುವ ಬದಲು ದಾರಿ ಬಿಡಿಸಿ.
ವ್ಯಂಜನಗಳ ಸ್ಪಷ್ಟತೆ ಬಹುಪಾಲು 2ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ. ವಯಲಿನ್, ಗಿಟಾರ್, ಕೀಬೋರ್ಡ್ ಎಲ್ಲವೂ ಅಲ್ಲೇ ಮುಗಿಬೀಳುತ್ತವೆ. ಮಾತಿರುವ ಕಡೆ ಅವನ್ನು ಆ ಜಾಗದಲ್ಲಿ ಎರಡು-ಮೂರು ಡೆಸಿಬೆಲ್ ತಗ್ಗಿಸಿ. ಕೊಳಲು ಸಾಲುಗಳ ನಡುವಿನ ಬಿಡುವಿನಲ್ಲಿ ಬರಲಿ. ನಂತರ ಕವಿತೆ ಓದಿರದ ಒಬ್ಬರಿಗೆ ಫೋನಿನ ಸ್ಪೀಕರಿನಲ್ಲೇ ಕೇಳಿಸಿ, ಕೇಳಿದ ಪದಗಳನ್ನು ಬರೆಯಲು ಹೇಳಿ. ತಪ್ಪಿದ ಪದ ಎಲ್ಲಿದೆಯೋ ನಿಮ್ಮ ಕೆಲಸ ಅಲ್ಲಿದೆ. ಮಾಸ್ಟರಿಂಗ್‌ನಲ್ಲಿ ಜೋರು ಮಾಡುವ ಪೈಪೋಟಿ ಬೇಡ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ.

11. ಪ್ರತಿ ಟ್ರ್ಯಾಕನ್ನೂ ಬೇರೆಯಾಗಿ ಉಳಿಸಿಡಿ.
ಎಂಪಿ3 ಅಲ್ಲ, ವೇವ್ ಫೈಲ್; ಎಲ್ಲವೂ ಸೊನ್ನೆಯಿಂದ ಶುರುವಾಗಲಿ, ಎರಡು ಕಡೆ ಇರಲಿ. ಜತೆಗೊಂದು ಹಾಳೆ: ಶ್ರುತಿ, ಲಯ, ಕವಿಯ ಹೆಸರು, ಸಂಯೋಜಕರ ಹೆಸರು, ಹಾಡಿದವರು, ತಬಲಾ, ಕೊಳಲು, ತಾಳ ನುಡಿಸಿದವರು. ಹಾಡನ್ನು ಎಲ್ಲಿಗೆ ಹಾಕಿದರೂ ಆ ಹೆಸರುಗಳು ಅದರೊಂದಿಗೇ ಹೋಗಲಿ, ಕವಿಯ ಹೆಸರು ಎಲ್ಲಕ್ಕಿಂತ ಮೇಲೆ.