ಒಂದು ಗುಳಿಯ ಅಚ್ಚು ಸಾಕು

ತಮ್ಮಾ, ಬೀಸುಬಲೆಯ ಸೀಸದ ಗುಂಡನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳಬೇಕೆಂದಿದ್ದೀಯ. ಆರು ಗುಳಿಯ ಅಚ್ಚು ತರಲೇ, ಒಂದು ಗುಳಿಯದು ಸಾಕೇ ಎಂದು ಕೇಳಿದ್ದೀಯ. ಒಂದು ಗುಳಿಯದನ್ನೇ ತೆಗೆದುಕೋ. ಆರರದ್ದಕ್ಕೆ ದುಡ್ಡು ಹೆಚ್ಚು ಎಂಬ ಕಾರಣಕ್ಕಲ್ಲ. ದುಡ್ಡಿನ ವ್ಯತ್ಯಾಸ ಒಂದೆರಡು ದಿನದ ಮೀನಿನಲ್ಲಿ ಹುಟ್ಟೀತು. ಕಾರಣ ಬೇರೆ.

ಅದಕ್ಕೂ ಮುಂಚೆ ಇನ್ನೊಂದು ಮಾತು. ಹೊಯ್ಯುವುದು ಬಲೆಯ ಗುಂಡು ಮಾತ್ರ. ಒಲೆ ಹೇಗೂ ಹೊತ್ತಿದೆ, ನಾಡಬಂದೂಕಿಗೂ ನಾಲ್ಕು ಹೊಯ್ದುಕೊಡು ಎಂದು ಯಾರು ಕೇಳಿದರೂ, ಎಷ್ಟೇ ಹತ್ತಿರದ ನೆಂಟನಾಗಿರಲಿ, ಆಗದು ಎಂದುಬಿಡು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ತಯಾರಿಸುವ ಯಂತ್ರ ಸಲಕರಣೆಗಳನ್ನೂ ಆ ಕಾಯ್ದೆ ಮದ್ದುಗುಂಡಿನ ಲೆಕ್ಕಕ್ಕೇ ಸೇರಿಸಿದೆ. ಕೊಳತ್ತೂರು, ಪಾಲಾರು, ಗೋಪಿನಾಥಂ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಏನೂ ಅರಿಯದ ಸಂಸಾರಗಳೂ ಎರಡು ರಾಜ್ಯದ ಪೊಲೀಸರ ವಿಚಾರಣೆಗೆ ಸಿಕ್ಕಿ ನರಳಿದವು. ಅವನು 2004ರಲ್ಲಿ ಪಾಪ್ಪಾರಪಟ್ಟಿಯ ಹತ್ತಿರ ಸತ್ತ. ಆ ಸಂಸಾರಗಳ ನೋವು ಅಲ್ಲಿಗೆ ಮುಗಿಯಲಿಲ್ಲ.

ಈಗ ಅಚ್ಚಿನ ವಿಷಯ. ಅಂಚಿಗೆ ಮೂರು ಕಿಲೋ ಸೀಸ ಹಿಡಿಯುವ ಬಲೆ ಎಂದಿಟ್ಟುಕೋ. ಒಂದೊಂದು ಗುಂಡು 10 ಗ್ರಾಂ ಆದರೆ 300 ಬೇಕು. ಒಂದು ಗುಳಿಯಲ್ಲಿ ಗುಂಡಿಗೆ ಅರ್ಧ ನಿಮಿಷದಂತೆ ಎರಡೂವರೆ ಗಂಟೆಯ ಕೆಲಸ. ಆರು ಗುಳಿಯಲ್ಲಾದರೆ 50 ಸಲ ಹೊಯ್ದರೆ ಮುಗಿಯಿತು. ನಿನ್ನ ಕಣ್ಣು ಈ ಲೆಕ್ಕದ ಮೇಲೆಯೇ ಇದೆ, ನನಗೆ ಗೊತ್ತು. ಆದರೆ ಬಲೆಗೆ ಗುಂಡು ಕಟ್ಟುವುದು ದಿನಾ ಮಾಡುವ ಕೆಲಸವಲ್ಲ. ಒಂದು ಸಲ ಕಟ್ಟಿದರೆ, ನೀರಡಿಯ ಕಲ್ಲಿಗೆ ಸಿಕ್ಕಿ ಅಂಚು ಹರಿಯುವ ತನಕ ಅದೇ ಬಲೆ. ಪಣ್ಣವಾಡಿಯ ನಂದಿ ತಲೆ ಎತ್ತುವಷ್ಟು ನೀರು ಇಳಿದಾಗ ನೋಡಿದ್ದೀಯಲ್ಲ, 1934ರಲ್ಲಿ ಮೆಟ್ಟೂರು ಅಣೆ ಕಟ್ಟಿ ಮುಗಿಸಿದಾಗ ಮುಳುಗಿದ ಊರುಗಳ ಕಲ್ಲು ಇನ್ನೂ ತಳದಲ್ಲಿದೆ. ಅಲ್ಲಿ ಬಲೆ ಹರಿದರೆ ಇಪ್ಪತ್ತೋ ಮೂವತ್ತೋ ಗುಂಡು ಹೋದಾವು. ಅಷ್ಟಕ್ಕೆ ಆರು ಗುಳಿ ಬೇಡ.

ಎರಕವನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ. ಸೀಸ 327 ಡಿಗ್ರಿಗೆ ಕರಗುತ್ತದೆ. ಮೇಲೆ ಬೂದು ಬಣ್ಣದ ಕಿಟ್ಟ ಕಟ್ಟುತ್ತದೆ. ಅದನ್ನು ಸೌಟಿನಿಂದ ಸರಿಸಿದರೆ ಕೆಳಗೆ ಕನ್ನಡಿಯಂಥ ಮೈ. ಅಚ್ಚು ತಣ್ಣಗಿದ್ದರೆ ಮೊದಲ ಗುಂಡುಗಳು ಸುಕ್ಕುಗಟ್ಟಿ, ಮೂಲೆ ತುಂಬದೆ ಬರುತ್ತವೆ. ಅಚ್ಚು ಹದಕ್ಕೆ ಬಂದಾಗ ಮೈ ನುಣ್ಣಗಾಗುತ್ತದೆ. ಅದಕ್ಕೂ ಮೀರಿ ಕಾದರೆ ಗುಂಡಿನ ಮೇಲೆ ಮಂಜು ಬಿದ್ದ ಹಾಗೆ ಬಿಳಿಚಿಕೊಳ್ಳುತ್ತದೆ, ಹೆಪ್ಪುಗಟ್ಟಲು ತಡವಾಗುತ್ತದೆ. ಒಂದು ಗುಳಿಯಲ್ಲಿ ಈ ಮೂರು ಹದವನ್ನೂ ಒಂದೊಂದೇ ಗುಂಡಿನಲ್ಲಿ ಕಣ್ಣಾರೆ ಕಂಡು ಕಲಿಯುತ್ತೀಯ. ಆರು ಗುಳಿಯದು ಗುಳಿಯಪ್ಪದ ಹೆಂಚಿನ ಹಾಗೆ: ನಡುವಿನದು ಬೇಗ ಬೇಯುತ್ತದೆ, ಅಂಚಿನದು ಹಸಿ ಉಳಿಯುತ್ತದೆ. ಮೊದಲ ಗುಳಿ ತುಂಬಿ ಆರನೆಯದಕ್ಕೆ ಬರುವಷ್ಟರಲ್ಲಿ ಸೌಟಿನ ಸೀಸ ಆರಿರುತ್ತದೆ. ಅದಕ್ಕಾಗಿ ದೊಡ್ಡ ಸೌಟು, ದೊಡ್ಡ ಮೂಸೆ, ಜೋರು ಉರಿ ಬೇಕಾಗುತ್ತದೆ. ಒಂದು ಗುಳಿಗೆ ಅರ್ಧ ಕಿಲೋ ಕರಗಿಸಿಕೊಂಡು ಕೂತರೆ ಸಾಕು. ಆರಕ್ಕೆ ಐದಾರು ಕಿಲೋ ಕುದಿಬಿಸಿ ಸೀಸವನ್ನು ಹಿತ್ತಲಿನಲ್ಲಿ ಇಟ್ಟುಕೊಂಡು ಕೈ ಬೀಸಬೇಕು. ನನಗೆ ಅಂಜಿಕೆ ಇರುವುದು ಇದಕ್ಕೇ.

ತೂಕದ ಮಾತೂ ಇದೆ. ಅಚ್ಚನ್ನು ಕೈಯಲ್ಲಿ ಕೊರೆದಿದ್ದರೆ ಆರು ಗುಳಿ ಆರು ತೂಕ ಕೊಡಬಹುದು. ಭಾರದವೆಲ್ಲ ಬಲೆಯ ಒಂದೇ ಮಗ್ಗುಲಿಗೆ ಬಿದ್ದರೆ ಆ ಕಡೆ ಮೊದಲು ಮುಳುಗುತ್ತದೆ, ಬಲೆ ದುಂಡಗೆ ಬೀಳುವುದಿಲ್ಲ, ಎದುರು ಕಡೆಯಿಂದ ಕಟ್ಲಾ ಜಾರಿಕೊಳ್ಳುತ್ತದೆ. ಒಂದೇ ಗುಳಿಯಲ್ಲಿ ಹುಟ್ಟಿದವು ಹದ ತಪ್ಪದಿದ್ದರೆ ಎಲ್ಲಾ ಒಂದೇ ತೂಕ.

ಅಚ್ಚು ಕಬ್ಬಿಣದ್ದಾಗಲಿ, ಅಲ್ಯೂಮಿನಿಯಂನದ್ದಾಗಲಿ, ಎರಡೂ ನಡೆಯುತ್ತವೆ. ಮೂಸೆ ಮಾತ್ರ ಕಬ್ಬಿಣದ್ದೇ ಇರಲಿ. ಮ್ಯಾಲ್ಕೋ ಅಲ್ಯೂಮಿನಿಯಂ ಕಾರ್ಖಾನೆ ಇದ್ದ ಊರು ನಮ್ಮದು, ಮೂಲೆಯಲ್ಲಿ ಹಳೇ ಅಲ್ಯೂಮಿನಿಯಂ ಪಾತ್ರೆ ಬಿದ್ದಿರುತ್ತದೆ; ಅದನ್ನು ಒಲೆಗೇರಿಸಬೇಡ. ಜೋರು ಉರಿಗೆ ಅದರ ತಳ ಸೋತು ಸೀಸವೆಲ್ಲ ಕಾಲ ಮೇಲೆ ಸುರಿದೀತು. ಗುಳಿಗೆ ದೀಪದ ಹೊಗೆ ಹಿಡಿಸಿ ತೆಳ್ಳಗೆ ಮಸಿ ಕಟ್ಟಿಸಿದರೆ ಗುಂಡು ಸಲೀಸಾಗಿ ಬಿಡುತ್ತದೆ. ದಾರ ಹೋಗುವ ತೂತಿಗೆ ನಡುವೆ ತಂತಿ ಇಡುವುದನ್ನು ಮರೆಯಬೇಡ.

ನೀರು ಹತ್ತಿರ ಬರಕೂಡದು. ಒಂದು ಹನಿ ಸೀಸದ ಒಳಗೆ ಸಿಕ್ಕಿದರೆ ಕಣ್ಣು ಮಿಟುಕಿಸುವುದರಲ್ಲಿ ಆವಿಯಾಗಿ 1,700 ಪಟ್ಟು ಹಿಗ್ಗುತ್ತದೆ, ಮೂಸೆಯ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತದೆ. ಒದ್ದೆ ಸೌಟು, ನದಿಯಿಂದ ಹೆಕ್ಕಿ ತಂದ ಹಸಿ ಗುಂಡು, ಬೆವರಿನ ಹನಿ, ಯಾವುದೂ ಸಣ್ಣದಲ್ಲ. ಹಳೇ ಗುಂಡನ್ನು ಒಲೆಯ ಅಂಚಿನಲ್ಲಿ ಚೆನ್ನಾಗಿ ಕಾಯಿಸಿ ಆಮೇಲೆ ಹಾಕು. ಮೋಡ ಕಟ್ಟಿದ ದಿನ ಕೆಲಸ ಹಿಡಿಯಲೇಬೇಡ. ಇನ್ವರ್ಟರ್ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡು. ಅದರಲ್ಲಿ ಗಂಧಕಾಮ್ಲವಿದೆ, ಸೀಸದ ಪುಡಿಯಿದೆ. ಹಳೇ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಹಿಂತಿರುಗಿಸು.

ಮನೆಯಲ್ಲಿ ತೆವಳುವ ಕೂಸಿದೆ, ಅದಕ್ಕಾಗಿ ಇಷ್ಟೆಲ್ಲ ಹೇಳುತ್ತಿದ್ದೇನೆ. ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಯಿಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಬುದ್ಧಿಗೆ, ಓದಿಗೆ ಆಗುವ ಪೆಟ್ಟು ಹಿಂದಿರುಗಿ ಬರುವುದಿಲ್ಲ. ಯುನಿಸೆಫ್ 2020ರಲ್ಲಿ ಹೊರಡಿಸಿದ ವರದಿಯಲ್ಲಿ, ಲೋಕದ ಮೂರರಲ್ಲೊಂದು ಮಗುವಿನ ರಕ್ತದಲ್ಲಿ ಸೀಸ ಮಿತಿಮೀರಿದೆ ಎಂದಿತ್ತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಇದೊಂದೇ ವಿಷಯಕ್ಕೆ ವರ್ಷಾನುಗಟ್ಟಲೆ ಜೀವ ತೇದರು. ಹೊಗೆಗಿಂತ ಧೂಳೇ ಮೋಸಗಾರ: ಕೈಯಿಂದ ತುತ್ತಿಗೆ, ಲುಂಗಿಯಿಂದ ಹಾಸಿಗೆಗೆ. ಎರಕ ಹೊಯ್ದ ದಿನ ಸೋಪು ಹಚ್ಚಿ ಕೈ ತೊಳೆಯದೆ ಬೀಡಿ ಮುಟ್ಟಬೇಡ, ಕೂಸನ್ನು ಎತ್ತಿಕೊಳ್ಳಬೇಡ. ಬಟ್ಟೆ ಬೇರೆಯೇ ಒಗೆಸು. ನೆಲವನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸು, ಅದೂ ಒಲೆ ಆರಿ ಎಲ್ಲ ತಣ್ಣಗಾದ ಮೇಲೆ. ಗಾಳದ ಸೀಳು ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಅದುಮುವ ಅಭ್ಯಾಸ ಇದೆಯಲ್ಲ, ಅದನ್ನು ಇವತ್ತೇ ಬಿಡು, ಇಕ್ಕಳ ಎಷ್ಟರದ್ದು?

ಆರು ಗುಳಿಯ ಅಚ್ಚು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಊರಿನ ಹತ್ತಾರು ಬಲೆಗೆ ಒಬ್ಬನೇ ಹೊಯ್ದುಕೊಡುವುದಾದರೆ, ಮನೆಯಿಂದ ದೂರ, ಗಾಳಿ ಆಡುವ ಚಪ್ಪರದ ಕೆಳಗೆ, ಪಳಗಿದ ಕೈಯಲ್ಲಿ ಅದೇ ಸರಿ. ಕೆಲಸ ಬೇಗ ಮುಗಿದಷ್ಟೂ ಸೀಸದ ಹತ್ತಿರ ಕೂರುವ ಹೊತ್ತೂ ಕಡಿಮೆ. ಆ ಕೈ ನಿನಗಿನ್ನೂ ಬಂದಿಲ್ಲ.

ನದಿಯನ್ನೂ ನೆನೆಸಿಕೋ. ಇಂಗ್ಲೆಂಡಿನಲ್ಲಿ ಗಾಳದ ಸಣ್ಣ ಸೀಸ ನುಂಗಿ ಹಂಸಗಳು ಸಾಯುತ್ತವೆಂದು 1987ರಿಂದ ಅದರ ಮಾರಾಟವನ್ನೇ ನಿಲ್ಲಿಸಿದರು. ನಮ್ಮ ಅಣೆಯ ನೀರನ್ನು ಸೇಲಂ ಪಟ್ಟಣ ಕುಡಿಯುತ್ತದೆ. ಕಟ್ಟುವ ಹಗ್ಗ ಗಟ್ಟಿಯಾಗಿರಲಿ, ಹರಿದದ್ದನ್ನು ಆದಷ್ಟೂ ಎತ್ತಿಕೊಂಡು ಬಾ. ನಿಲ್ಲುಬಲೆಗೆ ಸುಟ್ಟ ಮಣ್ಣಿನ ಗುಂಡೇ ಸಾಕಾದೀತು, ಒಂದು ಸಲ ಕಟ್ಟಿ ನೋಡು. ಒಲೆಯಲ್ಲಿ ಉಳಿದ ಕಿಟ್ಟವನ್ನು ತಿಪ್ಪೆಗಾಗಲಿ ಹೊಳೆಗಾಗಲಿ ಹಾಕದೆ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಕೂಸಿನ ಕೈಗೆ ಎಟುಕದ ಕಡೆ ಇಡು. ನಾನು ಬಂದಾಗ ಅದನ್ನು ಯಾರಿಗೆ ಕೊಡುವುದೆಂದು ನೋಡೋಣ.