ಸಂವೇಗ, ಆವೇಗ ಮತ್ತು ಒಂದು ಒಡೆದ ಮೊಟ್ಟೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬಲದ ಅಧ್ಯಾಯದಲ್ಲಿ ನಾನು ಎಡವಿದಷ್ಟು ನನ್ನ ಮಕ್ಕಳು ಎಡವಿಲ್ಲ.

1. ಒಂದು ದಿನಕ್ಕೆ ಒಂದೇ ಪದ ಸಾಕು.
ವೇಗ, ಸಂವೇಗ, ಆವೇಗ ಮೂರನ್ನೂ ಒಂದೇ ಪೀರಿಯಡ್‌ನಲ್ಲಿ ಸುರಿದಿದ್ದೆ. ಪರೀಕ್ಷೆಯಲ್ಲಿ ಒಬ್ಬ ‘ಬಲದ ಆವೇಶ’ ಎಂದು ಬರೆದ. ಕೆಂಪು ಗೀಟು ಎಳೆದೆ. ಎಳೆಯಬೇಕಿದ್ದದ್ದು ನನ್ನ ಪಾಠಕ್ಕೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಬಲವನ್ನು ಅದು ಬಿದ್ದಷ್ಟು ಹೊತ್ತಿನಿಂದ ಗುಣಿಸಿದರೆ ಆವೇಗ. ಅದೆಷ್ಟೋ ಸಂವೇಗ ಬದಲಾಗುವುದೂ ಅಷ್ಟೇ.

2. ದಿಕ್ಕು ಮರೆತರೆ ಗೋಡೆಗೆ ಪೆಟ್ಟೇ ಇಲ್ಲ.
160 ಗ್ರಾಂ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗೋಡೆಗೆ ಬಡಿದು ಅಷ್ಟೇ ವೇಗದಲ್ಲಿ ವಾಪಸ್ ಬಂತು. ಸಂವೇಗದ ಬದಲಾವಣೆ ಸೊನ್ನೆ ಎಂದು ಬೋರ್ಡಿನಲ್ಲಿ ಬರೆದೆ. ‘ಹಾಗಾದ್ರೆ ಗೋಡೆಗೆ ಏನೂ ಆಗ್ಲೇ ಇಲ್ವಾ ಸರ್?’ ಎಂದಳು ಹಿಂದಿನ ಬೆಂಚಿನ ಹುಡುಗಿ. ಡಸ್ಟರ್ ಹುಡುಕಿದೆ. ದಿಕ್ಕು ತಿರುಗಿದ್ದರಿಂದ ಬದಲಾವಣೆ 1.6ರ ಇಮ್ಮಡಿ, 3.2.

3. ಪ್ರಯೋಗ ಕೆಟ್ಟಾಗ ಒರೆಸುವ ಮೊದಲು ನೋಡಿ.
ಇಬ್ಬರು ಹುಡುಗರು ಬೆಡ್‌ಶೀಟನ್ನು ಪರದೆಯಂತೆ ಹಿಡಿದರು. ಜೋರಾಗಿ ಮೊಟ್ಟೆ ಎಸೆದೆ. ಬಟ್ಟೆ ಹಿಂದಕ್ಕೆ ಬಾಗಿತು, ಮೊಟ್ಟೆ ಒಡೆಯಲಿಲ್ಲ. ಚಪ್ಪಾಳೆ. ಕೆಳಗಿನ ಅಂಚನ್ನು ಜೋಳಿಗೆಯಂತೆ ಎತ್ತಿ ಹಿಡಿಯಿರಿ ಎನ್ನುವುದನ್ನು ಮರೆತಿದ್ದೆ. ಮೊಟ್ಟೆ ಸರ್ರನೆ ಜಾರಿ, ಮೊಣಕಾಲೆತ್ತರದಿಂದ ಸಿಮೆಂಟಿನ ಮೇಲೆ ಬಿದ್ದು ಪಚಕ್ಕೆಂದಿತು. ನಾಚಿಕೆಯಿಂದ ಬಟ್ಟೆ ತಂದು ಒರೆಸಿದೆ, ಪಾಠ ಮುಗಿಸಿದೆ. ರಾತ್ರಿ ಹೊಳೆಯಿತು: ಎಸೆದಾಗ ವೇಗ ಸೆಕೆಂಡಿಗೆ 12 ಮೀಟರ್ ಇದ್ದೀತು, ಬಿದ್ದಾಗ 3. ಕಾಲು ಭಾಗ ಸಂವೇಗಕ್ಕೇ ಒಡೆದಿತ್ತು! ಬಟ್ಟೆ ನಿಧಾನಕ್ಕೆ ನಿಲ್ಲಿಸಿತು, ನೆಲ ತಟ್ಟನೆ. ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆಂದರೂ ಸಿಗುತ್ತಿರಲಿಲ್ಲ. ನಾನದನ್ನು ಬಕೆಟ್ಟಿಗೆ ಹಿಂಡಿದ್ದೆ.

4. ವಿವರಿಸುವ ಮೊದಲು ಕೆಲಸದವರನ್ನು ಕೇಳಿ.
ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದರು. ಕೆಳಗಿನವನು ಇಟ್ಟಿಗೆ ಎಸೆಯುತ್ತಿದ್ದ, ಸಾರುವೆಯ ಮೇಲಿನವನು ಬರಿಗೈಯಲ್ಲಿ ಹಿಡಿಯುತ್ತಿದ್ದ. ‘ಕೈ ಹಿಂದಕ್ಕೆ ಎಳೆದುಕೊಳ್ತೀಯಲ್ಲ, ಅದಕ್ಕೇ ನೋವಾಗಲ್ಲ’ ಎಂದು ಪಾಠ ಶುರು ಮಾಡಿದೆ. ‘ಎಳಿಯೋದೇನಿಲ್ಲ ಸಾರ್, ಅವನು ಅಳತೆಗೆ ಎಸಿತಾನೆ. ನನ್ನ ಕೈಗೆ ಬರೋ ಹೊತ್ಗೆ ಇಟ್ಟಿಗೆ ನಿಂತೇ ಹೋಗಿರ್ತದೆ.’

ಮನೆಗೆ ಹೋಗಿ ಲೆಕ್ಕ ಹಾಕಿದೆ. 3 ಕೆ.ಜಿ. ಇಟ್ಟಿಗೆ, ಸೆಕೆಂಡಿಗೆ 6 ಮೀಟರ್: ಸಂವೇಗ 18. ಭೂಮಿ ಅದನ್ನು ಸುಮಾರು 30 ನ್ಯೂಟನ್ ಬಲದಿಂದ 0.6 ಸೆಕೆಂಡು ಎಳೆದರೆ ಸರಿಯಾಗಿ 18. ಏರಿದ ಎತ್ತರ 1.8 ಮೀಟರ್, ಅಲ್ಲೇ ಅವನ ಕೈ. ಮಾರನೆಯ ದಿನ ಚೀಟಿ ಹಿಡಿದು ಹೇಳಿದೆ. ‘ಅಷ್ಟೇನಾ ಸಾರ್?’ ಎಂದು ಮುಂದಿನ ಇಟ್ಟಿಗೆಗೆ ಕೈಯೊಡ್ಡಿದ.